ಮೊದಲ ವಿಮಾನದ ಯಂತ್ರಶಿಲ್ಪಿ ಚಾರ್ಲ್ಸ್ ಟೇಲರ್

ಎತ್ತರವಾದ ಗೋಪುರದ ಮುಂದೆ ನಿಂತವರ ದೃಷ್ಟಿ ಮೊದಲು ಹರಿಯುವುದು ಬಿಸಿಲಿಗೆ ಹೊಳೆಯುವ ಕಳಸದ ಕಡೆಗೆ. ಆ ಕಳಸದ ಭಾರವನ್ನೆಲ್ಲ ಹೊತ್ತು ನಿಂತ ಅಡಿಗಲ್ಲು ನೆಲದೊಳಗೆ ಹುದುಗಿರುತ್ತದೆ. ಅದರ ಆಕಾರವೆಂತಹುದು, ಅದನ್ನು ಕಡೆದ ಕೈ ಯಾರದು ಎಂದು ವಿಚಾರಿಸುವವರು ವಿರಳ. ಮನುಷ್ಯನು ಆಕಾಶವನ್ನೇರಿದ ಕಥೆಯೂ ಹೀಗೆಯೇ ಇದೆ. ವಿಲ್ಬರ್ ಮತ್ತು ಆರ್ವಿಲ್ ರೈಟ್ ಸಹೋದರರ ಹೆಸರನ್ನು ಪ್ರಾಥಮಿಕ ಶಾಲೆಯ ಬಾಲಕರೂ ಬಲ್ಲರು. ಆದರೆ ಅವರ ವಿಮಾನಕ್ಕೆ ಪ್ರಾಣಸ್ವರೂಪವಾದ ಎಂಜಿನ್ನನ್ನು ತನ್ನ ಎರಡು ಕೈಗಳಿಂದ ಮಾಡಿಕೊಟ್ಟವರು ಯಾರೆಂದು ಕೇಳಿದರೆ ತಿಳಿದವರೂ ಒಂದು ಕ್ಷಣ ಯೋಚಿಸಬೇಕಾಗುತ್ತದೆ. ಆ ಮಹನೀಯರೇ ಚಾರ್ಲ್ಸ್ ಎಡ್ವರ್ಡ್ ಟೇಲರ್. ಜಗತ್ತಿನ ಪ್ರಥಮ ವಿಮಾನ ಯಂತ್ರಜ್ಞರೂ, ಸೈನ್ಯವು ಕೊಂಡ ಪ್ರಪ್ರಥಮ ವಿಮಾನವನ್ನು ಸಿದ್ಧಗೊಳಿಸಿದವರಲ್ಲಿ ಪ್ರಮುಖರೂ ಆಗಿದ್ದ ಅವರ ಬಾಳು, ದುಡಿಮೆಯ ಹಿರಿಮೆಯನ್ನು ಸಾರುವಂತೆಯೇ ದುಡಿದವರ ವಿಷಯದಲ್ಲಿ ಲೋಕದ ಮರೆವು ಎಷ್ಟು ದೊಡ್ಡದೆಂಬುದನ್ನೂ ತೋರಿಸುತ್ತದೆ.

ಬಾಲ್ಯ ಮತ್ತು ಸಂಸಾರ

ಟೇಲರರು ಹುಟ್ಟಿದ್ದು 1868ನೆಯ ಇಸವಿ ಮೇ ತಿಂಗಳ 24ರಂದು, ಅಮೆರಿಕ ದೇಶದ ಇಲಿನಾಯ್ ಸಂಸ್ಥಾನಕ್ಕೆ ಸೇರಿದ ಸೆರೊ ಗಾರ್ಡೊ ಎಂಬ ಊರಿನ ಹತ್ತಿರ, ಒಂದು ಒಕ್ಕಲು ಮನೆಯಲ್ಲಿ. ಬಾಲ್ಯದಲ್ಲಿಯೇ ಅವರ ಕುಟುಂಬವು ನೆಬ್ರಾಸ್ಕ ಸಂಸ್ಥಾನದ ಲಿಂಕನ್ ನಗರಕ್ಕೆ ಹೋಗಿ ನೆಲೆಸಿತು. ಹನ್ನೆರಡನೆಯ ವಯಸ್ಸಿಗೆ ಅವರ ಶಾಲೆಯ ಓದು ಮುಗಿಯಿತು. ಆ ಊರಿನ ಪತ್ರಿಕೆಯೊಂದರ ರಟ್ಟು ಕಟ್ಟುವ ವಿಭಾಗದಲ್ಲಿ ಹೇಳಿದ ಕೆಲಸಕ್ಕೆ ಓಡಾಡುವ ಹುಡುಗನಾಗಿ ಅವರು ಸಂಬಳಕ್ಕೆ ಸೇರಿದರು. ಅಲ್ಲಿಂದ ಮುಂದೆ ಅವರಿಗೆ ಕಾರ್ಖಾನೆಯೇ ಪಾಠಶಾಲೆಯಾಯಿತು. ಉಳಿ ಸುತ್ತಿಗೆಗಳೇ ಪಠ್ಯಪುಸ್ತಕಗಳಾದವು. ಇಪ್ಪತ್ತರ ಹರೆಯಕ್ಕೆ ಬರುವಷ್ಟರಲ್ಲಿ ಲೋಹವನ್ನು ಕೊರೆಯುವುದು, ಕಡೆಯುವುದು, ಬೆಸೆಯುವುದು ಅವರಿಗೆ ಕರತಲಾಮಲಕವಾಗಿತ್ತು.

ಅದೇ ಸಂಸ್ಥಾನದ ಕೀರ್ನಿ ಎಂಬ ಊರಿನಲ್ಲಿ ಅವರು ಮನೆಗಳ ಬಾಗಿಲಿಗೆ ಹಾಕುವ ಲೋಹದ ಸಂಖ್ಯಾಫಲಕಗಳನ್ನು ಮಾಡಿ ಮಾರುತ್ತಿದ್ದ ಕಾಲದಲ್ಲಿ ಹೆನ್ರಿಯೆಟ್ಟಾ ವೆಬ್ಬರ್ಟ್ ಎಂಬ ಕನ್ಯೆಯ ಪರಿಚಯವಾಗಿ, ಆ ಪರಿಚಯವು ವಿವಾಹದಲ್ಲಿ ಪರಿಣಮಿಸಿತು. ಹೆನ್ರಿಯೆಟ್ಟಾ ಅವರ ಬಂಧುಗಳಿದ್ದುದು ಒಹಾಯೊ ಸಂಸ್ಥಾನದ ಡೇಟನ್ ನಗರದಲ್ಲಿ. ಹೆಚ್ಚಿನ ಸಂಪಾದನೆಯ ಅವಕಾಶವನ್ನು ಅರಸಿ ದಂಪತಿಗಳು 1896ರ ಸುಮಾರಿಗೆ ಅಲ್ಲಿಗೆ ಬಂದರು. ಟೇಲರರು ಮೊದಲು ಬೇಸಾಯದ ಯಂತ್ರಗಳನ್ನು ತಯಾರಿಸುವ ಕಾರ್ಖಾನೆಯೊಂದರಲ್ಲಿಯೂ ಅನಂತರ ವಿದ್ಯುತ್ ಉಪಕರಣಗಳ ಸಂಸ್ಥೆಯೊಂದರಲ್ಲಿಯೂ ದುಡಿದರು. ಹೆನ್ರಿಯೆಟ್ಟಾ ಅವರ ಚಿಕ್ಕಪ್ಪನಿಗೆ ಸೇರಿದ ಒಂದು ಕಟ್ಟಡವನ್ನು ಬಾಡಿಗೆಗೆ ಹಿಡಿದು ಇಬ್ಬರು ಅವಿವಾಹಿತ ಸಹೋದರರು ಸೈಕಲ್ ಅಂಗಡಿ ನಡೆಸುತ್ತಿದ್ದರು. ಅವರೇ ರೈಟ್ ಸಹೋದರರು. ಮನೆಯ ನಂಟಿನಿಂದ ಬೆಳೆದ ಈ ಪರಿಚಯವೇ ಮುಂದೆ ಜಗತ್ತಿನ ಚರಿತ್ರೆಯನ್ನು ಬದಲಾಯಿಸಿದ ಒಂದು ಕೂಟಕ್ಕೆ ಕಾರಣವಾಯಿತು.

ಸೈಕಲ್ ಅಂಗಡಿಯ ಕೆಲಸಗಾರ

1901ನೆಯ ಜೂನ್ ತಿಂಗಳಲ್ಲಿ ಟೇಲರರು ರೈಟ್ ಸಹೋದರರಲ್ಲಿ ಕೆಲಸಕ್ಕೆ ಸೇರಿದರು. ಗಂಟೆಗೆ 30 ಸೆಂಟಿನಂತೆ ವಾರಕ್ಕೆ 18 ಡಾಲರು ಕೂಲಿ. ಹಿಂದಿನ ಕೆಲಸದಲ್ಲಿ ಗಂಟೆಗೆ ದೊರೆಯುತ್ತಿದ್ದುದು 25 ಸೆಂಟು. ಅಲ್ಲದೆ ಅಂಗಡಿಯು ಅವರ ಮನೆಗೆ ಸಮೀಪವಾಗಿದ್ದು, ಮಧ್ಯಾಹ್ನದ ಊಟಕ್ಕೆ ಸೈಕಲ್ಲಿನಲ್ಲಿ ಮನೆಗೆ ಹೋಗಿ ಬರುವ ಅನುಕೂಲವಿತ್ತು. ಹೆಂಡತಿ ಮಕ್ಕಳೊಡನೆ ಬಾಳುವ ಗೃಹಸ್ಥನಿಗೆ ಇವೆರಡೂ ಸಣ್ಣ ಸಂಗತಿಗಳಲ್ಲ. ವಿಮಾನಯುಗದ ಬಾಗಿಲನ್ನು ತೆರೆಯಲಿಕ್ಕೆಂದು ಹೊರಟು ಅವರು ಆ ಅಂಗಡಿಯ ಮೆಟ್ಟಿಲನ್ನು ಹತ್ತಲಿಲ್ಲ. ಮನೆಯ ಹಿತವನ್ನು ನೋಡಿ ಹತ್ತಿದರು. ಮಹತ್ಕಾರ್ಯಗಳು ಎಷ್ಟೋ ವೇಳೆ ಇಂತಹ ಸಾಧಾರಣ ನಿಮಿತ್ತಗಳಿಂದಲೇ ಮೊದಲಾಗುತ್ತವೆ.

ಸಹೋದರರು ಆಗ ಗಾಳಿಯಲ್ಲಿ ತೇಲುವ ಎಂಜಿನ್‌ರಹಿತ ವಿಮಾನಗಳ ಪ್ರಯೋಗದಲ್ಲಿ ಮುಳುಗಿದ್ದರು. ಅವರು ಉತ್ತರ ಕೆರೊಲಿನಾದ ಕಡಲತೀರದಲ್ಲಿರುವ ಕಿಟಿ ಹಾಕ್‌ಗೆ ತಿಂಗಳುಗಟ್ಟಲೆ ಹೋದಾಗ ಅಂಗಡಿಯನ್ನು ನೋಡಿಕೊಳ್ಳಲು ನಂಬಿಕೆಯ ಮನುಷ್ಯನೊಬ್ಬ ಬೇಕಾಗಿತ್ತು. ಟೇಲರರು ಸೇರಿದ ಕೆಲವೇ ವಾರಗಳಲ್ಲಿ ಅಂಗಡಿಯ ಹೊಣೆಯನ್ನು ಅವರಿಗೊಪ್ಪಿಸಿ ಸಹೋದರರು ಹೊರಟರು. ಅವರ ಸೋದರಿ ಕ್ಯಾಥರೀನ್ ಅಂಗಡಿಯ ಲೆಕ್ಕಪತ್ರಗಳ ಮೇಲೆ ಕಣ್ಣಿಡುತ್ತಿದ್ದರು. ಎಡೆಬಿಡದೆ ಚುಟ್ಟಾ ಸೇದುವ, ಯಾರಿಗೂ ಬಾಗದ ಸ್ವಭಾವದ ಟೇಲರರಿಗೂ ಆಕೆಗೂ ಹೊಂದಿಕೆಯಾಗಲಿಲ್ಲ. ಧೂಮಪಾನ, ಮದ್ಯಪಾನಗಳನ್ನು ಹತ್ತಿರ ಸೇರಿಸದ ಪಾದ್ರಿಯ ಮನೆತನದ ಸಹೋದರರು ಮಾತ್ರ ಈ ಚುಟ್ಟಾದ ಹೊಗೆಯನ್ನು ಸಹಿಸಿಕೊಂಡರು. ಆ ಕೈಗಳ ಬೆಲೆ ಅವರಿಗೆ ತಿಳಿದಿತ್ತು.

ಅದೇ ವರ್ಷದ ಚಳಿಗಾಲದಲ್ಲಿ ಸಹೋದರರು ಮರದ ಉದ್ದನೆಯ ಪೆಟ್ಟಿಗೆಯೊಂದರ ಮೂಲಕ ಗಾಳಿಯನ್ನು ಹಾಯಿಸಿ, ಸುಮಾರು ಇನ್ನೂರು ಬಗೆಯ ಪುಟ್ಟ ರೆಕ್ಕೆಗಳನ್ನು ಪರೀಕ್ಷಿಸಿದರು. ಆ ಪೆಟ್ಟಿಗೆಯ ಕೆಲಸದಲ್ಲಿ ಟೇಲರರು ಕೈಗೂಡಿಸಿದರು. ಅಳತೆಯ ತಕ್ಕಡಿಗೆ ಬೇಕಾದ ತುಂಡುಗಳನ್ನು ಹಳೆಯ ಗರಗಸದ ಅಲಗುಗಳಿಂದ ಉಜ್ಜಿ ಕೊಟ್ಟರು. ಸಹೋದರರು ಏರುದನಿಯಲ್ಲಿ ವಾದಿಸುವುದನ್ನೂ, ಕೊನೆಗೆ ಒಬ್ಬನ ಪಕ್ಷವನ್ನು ಮತ್ತೊಬ್ಬನು ಹಿಡಿದು ಪುನಃ ವಾದಕ್ಕೆ ತೊಡಗುವುದನ್ನೂ ಅವರು ದಿನವೂ ಕೇಳುತ್ತಿದ್ದರು. ವಾದವೆಲ್ಲ ಮುಗಿದ ಮೇಲೆ ತೀರ್ಮಾನವನ್ನು ಲೋಹದಲ್ಲಿ ಮೂಡಿಸುವ ಕೆಲಸ ಅವರದಾಗುತ್ತಿತ್ತು.

ಆರು ವಾರಗಳ ಸಾಹಸ

1902ರ ಕೊನೆಯ ವೇಳೆಗೆ ರೆಕ್ಕೆಗಳ ರಹಸ್ಯವೂ ಹಾರಾಟವನ್ನು ಹತೋಟಿಯಲ್ಲಿಡುವ ಉಪಾಯವೂ ಸಹೋದರರಿಗೆ ಕೈವಶವಾಗಿದ್ದುವು. ಉಳಿದುದು ಚಾಲಕ ಶಕ್ತಿ. 8 ಅಶ್ವಶಕ್ತಿಯನ್ನಾದರೂ ಕೊಡುವ, ತೂಕದಲ್ಲಿ ಹಗುರವಾದ ಪೆಟ್ರೋಲ್ ಎಂಜಿನ್ ಬೇಕೆಂದು ಅವರು ಮೋಟಾರು ತಯಾರಕರಿಗೆಲ್ಲ ಬರೆದು ಕೇಳಿದರು. ಆ ಕಾಲದ ಮೋಟಾರು ಎಂಜಿನ್ನುಗಳು ಬಲವಾಗಿದ್ದರೆ ಭಾರವಾಗಿರುತ್ತಿದ್ದುವು, ಹಗುರವಾಗಿದ್ದರೆ ಬಲಹೀನವಾಗಿರುತ್ತಿದ್ದುವು. ಇವರಿಗೆ ಹೊಂದುವಂತಹುದನ್ನು ಒದಗಿಸಲು ಯಾರೂ ಮುಂದೆ ಬರಲಿಲ್ಲ. ಆಗ ಸಹೋದರರು ಟೇಲರರ ಕಡೆಗೆ ತಿರುಗಿದರು. ಅದಕ್ಕೆ ಮುಂಚೆ ಟೇಲರರಿಗೆ ಪೆಟ್ರೋಲ್ ಎಂಜಿನ್ನಿನ ಪರಿಚಯವಿದ್ದುದು ಒಂದು ಮೋಟಾರು ಗಾಡಿಯನ್ನು ಬಿಚ್ಚಿ ದುರಸ್ತಿ ಮಾಡಲು ಯತ್ನಿಸಿದಷ್ಟು ಮಾತ್ರ. ಆದರೂ ಅವರು ಹಿಂಜರಿಯಲಿಲ್ಲ.

ಅಂಗಡಿಯಲ್ಲಿದ್ದ ಉಪಕರಣಗಳೆಂದರೆ ಒಂದು ಲೇಥ್ ಯಂತ್ರ, ಒಂದು ರಂಧ್ರ ಕೊರೆಯುವ ಯಂತ್ರ, ಮತ್ತೆ ಕೈಯಲ್ಲಿ ಹಿಡಿಯುವ ಸಾಮಾನುಗಳು. ಸಮಗ್ರವಾದ ನಕ್ಷೆ ಎಂಬುದು ಇರಲಿಲ್ಲ. ಒಂದೊಂದು ಭಾಗದ ವಿಷಯವನ್ನೂ ಮೂವರೂ ಕೂಡಿ ಚರ್ಚಿಸಿ ಕಾಗದದ ಚೂರಿನ ಮೇಲೆ ಗೀಚುವರು. ಆ ಚೂರನ್ನು ಕೆಲಸದ ಮೇಜಿನ ಮುಂದೆ ಸಿಕ್ಕಿಸಿಕೊಂಡು ಟೇಲರರು ಆ ಭಾಗವನ್ನು ತಯಾರಿಸುವರು. ಹೀಗೆ ಭಾಗಕ್ಕೆ ಭಾಗ ಸೇರಿ ಎಂಜಿನ್ ಬೆಳೆಯಿತು.

ಅದರಲ್ಲಿ ಅತ್ಯಂತ ಕಠಿನವಾದುದು ಕ್ರ್ಯಾಂಕ್‌ಶಾಫ್ಟ್, ಎಂದರೆ ಸಿಲಿಂಡರುಗಳಲ್ಲಿ ಹಿಂದೆ ಮುಂದೆ ಚಲಿಸುವ ಕೊಂತಗಳ ಶಕ್ತಿಯನ್ನು ಸುತ್ತುವ ಶಕ್ತಿಯನ್ನಾಗಿ ಮಾರ್ಪಡಿಸುವ ಡೊಂಕಾದ ಉಕ್ಕಿನ ದಂಡ. ಸುಮಾರು 100 ಪೌಂಡು ತೂಕದ ಉಕ್ಕಿನ ಹಲಗೆಯೊಂದನ್ನು ಟೇಲರರು ತೆಗೆದುಕೊಂಡರು. ಅದರ ಮೇಲೆ ದಂಡದ ಆಕಾರವನ್ನು ಗೆರೆಯಿಂದ ಗುರುತಿಸಿದರು. ಆ ಗೆರೆಯುದ್ದಕ್ಕೂ ಒತ್ತೊತ್ತಾಗಿ ರಂಧ್ರಗಳನ್ನು ಕೊರೆದು, ಬೇಡದ ಉಕ್ಕನ್ನು ಉಳಿ ಸುತ್ತಿಗೆಗಳಿಂದ ಹೊಡೆದು ಕೆಡವಿದರು. ಉಳಿದುದನ್ನು ಲೇಥ್ ಯಂತ್ರಕ್ಕೆ ಕೊಟ್ಟು ತಿರುಗಿಸಿ ನಯಗೊಳಿಸಿದರು. ಕೆಲಸ ಮುಗಿದಾಗ ಉಳಿದ ತೂಕ ಕೇವಲ 19 ಪೌಂಡು. ಕಲ್ಲಿನೊಳಗೆ ಅಡಗಿದ ಮೂರ್ತಿಯನ್ನು ಶಿಲ್ಪಿಯು ಬಿಡಿಸಿ ತೆಗೆಯುವಂತೆ ಉಕ್ಕಿನೊಳಗಿನ ದಂಡವನ್ನು ಅವರು ಬಿಡಿಸಿ ತೆಗೆದರು. ಅದು ಸಮತೂಕದಲ್ಲಿ ನಿಂತು ಸರಾಗವಾಗಿ ತಿರುಗಿತು.

ಭಾರವನ್ನು ತಗ್ಗಿಸುವುದಕ್ಕಾಗಿ ಎಂಜಿನ್ನಿನ ಒಡಲನ್ನು ಅಲ್ಯೂಮಿನಿಯಮ್ಮಿನಿಂದ ಡೇಟನ್ನಿನ ಎರಕದ ಕಾರ್ಖಾನೆಯಲ್ಲಿ ಎರಕ ಹೊಯ್ಯಿಸಲಾಯಿತು. ಆ ಲೋಹದಲ್ಲಿ ನೂರಕ್ಕೆ ಸುಮಾರು 8 ಭಾಗ ತಾಮ್ರ ಬೆರೆತಿದ್ದು, ಅದರಿಂದ ಗಟ್ಟಿತನ ಬಂದಿತ್ತೆಂದು ಬಹುಕಾಲದ ಮೇಲೆ ನಡೆದ ಪರೀಕ್ಷೆಗಳಿಂದ ತಿಳಿದುಬಂದಿದೆ. ನಾಲ್ಕು ಸಿಲಿಂಡರುಗಳು, ಪ್ರತಿಯೊಂದರ ಒಳವ್ಯಾಸವೂ 4 ಅಂಗುಲ, ಕೊಂತದ ಓಟವೂ 4 ಅಂಗುಲ. ಇಂದಿನ ಎಂಜಿನ್ನುಗಳಲ್ಲಿರುವಂತಹ ಕಾರ್ಬೊರೇಟರ್ ಇರಲಿಲ್ಲ, ಸ್ಪಾರ್ಕ್ ಪ್ಲಗ್ ಇರಲಿಲ್ಲ, ಇಂಧನವನ್ನು ತಳ್ಳುವ ಪಂಪೂ ಇರಲಿಲ್ಲ. ರೆಕ್ಕೆಯ ಕಂಬಕ್ಕೆ ಕಟ್ಟಿದ ಪುಟ್ಟ ಡಬ್ಬಿಯಿಂದ ಪೆಟ್ರೋಲು ತನ್ನ ಭಾರದಿಂದಲೇ ಕೆಳಗಿಳಿದು, ಬಿಸಿಯಾದ ಲೋಹದ ಮೇಲೆ ಹರಡಿ ಆವಿಯಾಗಿ, ಗಾಳಿಯೊಡನೆ ಬೆರೆತು ಒಳಸೇರುತ್ತಿತ್ತು. ಸಿಲಿಂಡರಿನೊಳಗೆ ಎರಡು ಲೋಹದ ತುದಿಗಳು ಕೂಡಿ ಅಗಲುವಾಗ ಹಾರುವ ಕಿಡಿಯಿಂದ ಅದು ಹೊತ್ತಿಕೊಳ್ಳುತ್ತಿತ್ತು.

ಕೆಲಸಕ್ಕೆ ಕೈಹಾಕಿದ ಆರು ವಾರಗಳಲ್ಲಿ, 1903ನೆಯ ಫೆಬ್ರವರಿ 12ರಂದು ಎಂಜಿನ್ ಮೊದಲ ಬಾರಿಗೆ ಓಡಿತು. ಮರುದಿನದ ಪರೀಕ್ಷೆಯಲ್ಲಿ ಪೆಟ್ರೋಲು ತೊಟ್ಟಿಕ್ಕಿ ಬೇರಿಂಗುಗಳು ಬಿಗಿದುಕೊಂಡು ಅಲ್ಯೂಮಿನಿಯಮ್ಮಿನ ಒಡಲೇ ಒಡೆದುಹೋಯಿತು. ಏಪ್ರಿಲ್ ತಿಂಗಳಲ್ಲಿ ಹೊಸ ಎರಕ ಬಂದ ಮೇಲೆ ಟೇಲರರು ಎಲ್ಲವನ್ನೂ ಮತ್ತೆ ಜೋಡಿಸಿದರು. 8 ಅಶ್ವಶಕ್ತಿಯನ್ನು ಬಯಸಿದ್ದ ಸಹೋದರರಿಗೆ ಈ ಎಂಜಿನ್ ಸುಮಾರು 12 ಅಶ್ವಶಕ್ತಿಯನ್ನು ಕೊಟ್ಟಿತು. ಅದರಿಂದ ವಿಮಾನದ ಉಳಿದ ಭಾಗಗಳನ್ನು ಇನ್ನಷ್ಟು ಬಲಪಡಿಸಲು ಅವಕಾಶವಾಯಿತು. ವಿಮಾನದ ರೂಪಕಲ್ಪನೆ ಸಹೋದರರದು, ಎಂಜಿನ್ನಿನ ವಿಚಾರದಲ್ಲಿಯೂ ಅವರ ಪಾಲುಂಟು. ಆದರೆ ಅದನ್ನು ಲೋಹದಲ್ಲಿ ಸಾಕಾರಗೊಳಿಸಿದ ಕೀರ್ತಿ ಟೇಲರರದೆಂಬುದು ನಿರ್ವಿವಾದ.

1903ನೆಯ ಡಿಸೆಂಬರ್ 17ರಂದು ಕಿಟಿ ಹಾಕ್‌ನ ಸಮೀಪದ ಮರಳಿನ ಬಯಲಿನಲ್ಲಿ ಆರ್ವಿಲ್ಲರನ್ನು ಹೊತ್ತು ವಿಮಾನವು 12 ಸೆಕೆಂಡು ಹಾರಿ 120 ಅಡಿ ಸಾಗಿತು. ಅದೇ ದಿನದ ನಾಲ್ಕನೆಯ ಹಾರಾಟದಲ್ಲಿ ವಿಲ್ಬರರು 59 ಸೆಕೆಂಡುಗಳಲ್ಲಿ 852 ಅಡಿ ದೂರ ಕ್ರಮಿಸಿದರು. ಆ ಪುಣ್ಯದಿನದಲ್ಲಿ ಟೇಲರರು ಅಲ್ಲಿರಲಿಲ್ಲ; ನೂರಾರು ಮೈಲಿಗಳ ಆಚೆ ಡೇಟನ್ನಿನ ಅಂಗಡಿಯಲ್ಲಿದ್ದರು. ಹಾರಾಟಗಳು ಮುಗಿದ ಮೇಲೆ ಗಾಳಿಯು ವಿಮಾನವನ್ನು ಉರುಳಿಸಿ ಎಂಜಿನ್ನನ್ನು ಮುರಿಯಿತು. ಅದರ ಕ್ರ್ಯಾಂಕ್‌ಶಾಫ್ಟನ್ನು 1906ರಲ್ಲಿ ನ್ಯೂಯಾರ್ಕಿನ ಪ್ರದರ್ಶನವೊಂದಕ್ಕೆ ಕಳುಹಿಸಲಾಯಿತು. ಅದು ಹಿಂದಿರುಗಿ ಬರಲೇ ಇಲ್ಲ. ಇಂದು ವಾಷಿಂಗ್ಟನ್ನಿನ ವಸ್ತುಸಂಗ್ರಹಾಲಯದಲ್ಲಿರುವ ಮೊದಲ ವಿಮಾನದಲ್ಲಿ 1904ರ ಎಂಜಿನ್ನಿನ ದಂಡವನ್ನು ಜೋಡಿಸಲಾಗಿದೆ. ಟೇಲರರು ಉಳಿಯಿಂದ ಕಡೆದ ಆ ಉಕ್ಕಿನ ದಂಡವು ತನ್ನನ್ನು ಮಾಡಿದವರಂತೆಯೇ ಲೋಕದ ಕಣ್ಣಿನಿಂದ ಮರೆಯಾಯಿತು.

ಬಯಲಿನ ಕಾವಲುಗಾರ

1904 ಮತ್ತು 1905ರಲ್ಲಿ ಸಹೋದರರು ಡೇಟನ್ನಿನ ಹೊರವಲಯದ ಹಫ್‌ಮನ್ ಪ್ರೇರಿ ಎಂಬ ಹುಲ್ಲುಗಾವಲಿನಲ್ಲಿ ಪ್ರಯೋಗಗಳನ್ನು ಮುಂದುವರಿಸಿದರು. ವಿಮಾನವನ್ನಿರಿಸುವ ಕೊಟ್ಟಿಗೆ, ಹಾರಾಟಕ್ಕೆ ಹಾಸುವ ಮರದ ಹಳಿ, ಎಂಜಿನ್ನಿನ ಪೋಷಣೆ ಇವೆಲ್ಲ ಟೇಲರರ ಪಾಲಿಗೆ ಬಂದುವು. ಜಗತ್ತಿನ ಮೊದಲ ವಿಮಾನ ನಿಲ್ದಾಣವೆಂದು ಆ ಹುಲ್ಲುಗಾವಲನ್ನು ಕರೆಯುವುದಾದರೆ ಅದರ ಮೊದಲ ಮೇಲ್ವಿಚಾರಕರು ಅವರೇ. 1905ನೆಯ ಅಕ್ಟೋಬರ್ 5ರಂದು ವಿಲ್ಬರರು ಆ ಬಯಲಿನ ಮೇಲೆ ಸುತ್ತುತ್ತ ಸುಮಾರು 39 ನಿಮಿಷಗಳಲ್ಲಿ 24 ಮೈಲಿ ಹಾರಿ, ಇಂಧನ ತೀರಿದ ಮೇಲೆಯೇ ಇಳಿದರು. ನೋಡುವವರಿಗೆ ಅದು ಉತ್ಸವ. ಟೇಲರರಿಗೆ ಮಾತ್ರ ಪ್ರತಿಯೊಂದು ಹಾರಾಟವೂ ಆತಂಕ. ವಿಮಾನ ಮೇಲೇರಿದಾಗಲೆಲ್ಲ ಸಹೋದರರನ್ನು ತಾನು ಜೀವಂತವಾಗಿ ಕಾಣುವುದು ಇದೇ ಕೊನೆಯೋ ಏನೋ ಎಂಬ ಅಳುಕು ಅವರನ್ನು ಬಿಡುತ್ತಿರಲಿಲ್ಲ. ತಾನು ಬಿಗಿದ ಒಂದೊಂದು ತಿರುಪೂ ಒಂದು ಜೀವವನ್ನು ಕಾಯುತ್ತದೆಂಬ ಅರಿವಿದ್ದವರಿಗೆ ನೆಮ್ಮದಿ ಎಲ್ಲಿಂದ ಬರಬೇಕು?

ತಾವೂ ಹಾರಲು ಕಲಿಯಬೇಕೆಂಬ ಆಸೆ ಟೇಲರರಿಗಿತ್ತು. ಸಹೋದರರು ಅದಕ್ಕೆ ಪ್ರೋತ್ಸಾಹ ಕೊಡಲಿಲ್ಲ. ಹಾರುವುದನ್ನು ಕಲಿತರೆ ಇವರು ಪ್ರದರ್ಶನ ಹಾರಾಟಗಳ ದುಡ್ಡಿಗೆ ಮನಸೋತು ಹೊರಟುಹೋದಾರೆಂಬ ಶಂಕೆ ಅವರದು. ಹೀಗೆ ಕೆಲಸದ ಜಾಣ್ಮೆಯೇ ಟೇಲರರನ್ನು ನೆಲಕ್ಕೆ ಕಟ್ಟಿಹಾಕಿತು.

ಸೈನ್ಯದ ವಿಮಾನ

ಅಮೆರಿಕದ ಸೈನ್ಯದ ಸಿಗ್ನಲ್ ಕೋರ್ ಎಂಬ ವಿಭಾಗವು 1907ರ ಡಿಸೆಂಬರಿನಲ್ಲಿ ವಿಮಾನಕ್ಕಾಗಿ ಟೆಂಡರು ಕರೆಯಿತು. ಇಬ್ಬರನ್ನು ಹೊತ್ತು, ಗಂಟೆಗೆ 40 ಮೈಲಿ ವೇಗದಲ್ಲಿ, ಒಂದು ಗಂಟೆಯಾದರೂ ಹಾರಬೇಕೆಂಬುದು ನಿಬಂಧನೆ. ಬೆಲೆ 25,000 ಡಾಲರು. 1908ರ ಶರತ್ಕಾಲದಲ್ಲಿ ಆರ್ವಿಲ್ಲರು ವಾಷಿಂಗ್ಟನ್ನಿನ ಬಳಿಯ ಫೋರ್ಟ್ ಮೈಯರ್ ಎಂಬ ಸೈನಿಕ ಠಾಣ್ಯಕ್ಕೆ ವಿಮಾನವನ್ನು ತಂದರು. ಅದನ್ನು ಜೋಡಿಸಿ ಪ್ರತಿ ಹಾರಾಟಕ್ಕೂ ಅಣಿಗೊಳಿಸಿದವರು ಟೇಲರರು ಮತ್ತು ಅವರ ಸಹಾಯಕರಾದ ಚಾರ್ಲ್ಸ್ ಫರ್ನಾಸ್. ಸೆಪ್ಟೆಂಬರ್ ತಿಂಗಳಲ್ಲಿ ಆರ್ವಿಲ್ಲರು ಒಂದು ಗಂಟೆಗೂ ಮೀರಿ ಹಾರಿ ಸಾವಿರಾರು ಪ್ರೇಕ್ಷಕರನ್ನು ಬೆರಗುಗೊಳಿಸಿದರು.

ಆದರೆ ಸೆಪ್ಟೆಂಬರ್ 17ರಂದು ಘೋರ ಅನಾಹುತವೊಂದು ಸಂಭವಿಸಿತು. ಅಂದು ತಾನೇ ಆರ್ವಿಲ್ಲರ ಪಕ್ಕದಲ್ಲಿ ಕುಳಿತು ಹಾರಬೇಕಾಗಿತ್ತೆಂದು ಟೇಲರರು ಅನಂತರದ ದಿನಗಳಲ್ಲಿ ನೆನೆಯುತ್ತಿದ್ದರು. ಕೊನೆಗೆ ಆ ಆಸನದಲ್ಲಿ ಕುಳಿತವರು ಲೆಫ್ಟಿನೆಂಟ್ ಥಾಮಸ್ ಸೆಲ್ಫ್‌ರಿಜ್ ಎಂಬ 26 ವರ್ಷದ ತರುಣ ಅಧಿಕಾರಿ. ಹಾರಾಟದ ನಡುವೆ ಒಂದು ಪ್ರೊಪೆಲ್ಲರಿನ ಅಲಗು ಸೀಳಿ, ಅದರ ಅದುರುವಿಕೆಯಿಂದ ಚುಕ್ಕಾಣಿಯನ್ನು ಬಿಗಿದಿದ್ದ ತಂತಿ ತುಂಡಾಗಿ, ವಿಮಾನವು ತಲೆಕೆಳಗಾಗಿ ನೆಲಕ್ಕೆ ಅಪ್ಪಳಿಸಿತು. ಸೆಲ್ಫ್‌ರಿಜ್ ಅದೇ ಸಂಜೆ ಅಸುನೀಗಿದರು. ಯಂತ್ರಚಾಲಿತ ವಿಮಾನದ ಅಪಘಾತದಲ್ಲಿ ಮಡಿದವರಲ್ಲಿ ಅವರೇ ಮೊದಲಿಗರು. ಆರ್ವಿಲ್ಲರ ತೊಡೆಯ ಮೂಳೆಯೂ ಪಕ್ಕೆಲುಬುಗಳೂ ಮುರಿದುವು. ಓಡಿಬಂದು ಅವಶೇಷಗಳನ್ನೆತ್ತಿ ಅವರಿಬ್ಬರನ್ನೂ ಹೊರತೆಗೆದವರಲ್ಲಿ ಟೇಲರರೂ ಒಬ್ಬರು. ಗಾಯಾಳುಗಳನ್ನು ಸಾಗಿಸಿದ ಮೇಲೆ ಮುರಿದ ವಿಮಾನಕ್ಕೆ ಮುಖವಾನಿಸಿ ಅವರು ಮಗುವಿನಂತೆ ಅತ್ತರೆಂದು ಕಂಡವರು ದಾಖಲಿಸಿದ್ದಾರೆ.

ಅಳು ನಿಂತ ಮೇಲೆ ಕರ್ತವ್ಯಕ್ಕೆ ತೊಡಗಿದರು. ಮುರಿದ ಚೂರುಗಳನ್ನೆಲ್ಲ ಆಯ್ದು, ಸೀಳಿದ ಪ್ರೊಪೆಲ್ಲರನ್ನು ಆಸ್ಪತ್ರೆಯಲ್ಲಿ ಮಲಗಿದ್ದ ಆರ್ವಿಲ್ಲರ ಮುಂದೆ ಇರಿಸಿದರು. ದೋಷವೆಲ್ಲಿತ್ತೆಂಬುದನ್ನು ಕಂಡುಹಿಡಿಯಲು ಅದು ನೆರವಾಯಿತು. ಅಪಘಾತವಾದಾಗ ದುಃಖಿಸುವುದು ಸಹಜ. ಆ ದುಃಖದ ನಡುವೆಯೂ ಮುರಿದುದನ್ನು ಕೈಯಲ್ಲಿ ಹಿಡಿದು ಕಾರಣವನ್ನು ಹುಡುಕುವುದು ಯಂತ್ರಜ್ಞನ ಧರ್ಮ. ಇಂದು ಜಗತ್ತಿನಲ್ಲಿ ಎಲ್ಲಿ ವಿಮಾನ ಬಿದ್ದರೂ ಚೂರುಗಳನ್ನು ಕಲೆಹಾಕಿ ಪರಿಶೀಲಿಸುವ ಪದ್ಧತಿಯುಂಟು. ಫೋರ್ಟ್ ಮೈಯರಿನ ಬಯಲಿನಲ್ಲಿ ಅದು ಟೇಲರರ ಕೈಯಿಂದ ನಡೆದುದನ್ನು ನೆನೆಯಬೇಕು.

ಮರುವರ್ಷ ಸಹೋದರರು ಸುಧಾರಿಸಿದ ವಿಮಾನದೊಡನೆ ಅದೇ ಠಾಣ್ಯಕ್ಕೆ ಹಿಂದಿರುಗಿದರು. 1909ನೆಯ ಜುಲೈ 30ರಂದು ಆರ್ವಿಲ್ಲರು ಲೆಫ್ಟಿನೆಂಟ್ ಬೆಂಜಮಿನ್ ಫುಲೊಯ್ ಅವರನ್ನು ಕೂರಿಸಿಕೊಂಡು ಗಂಟೆಗೆ 42 ಮೈಲಿಗೂ ಹೆಚ್ಚಿನ ಸರಾಸರಿ ವೇಗದಲ್ಲಿ ಹಾರಿದರು. ವೇಗಕ್ಕಾಗಿ 5,000 ಡಾಲರು ಹೆಚ್ಚುವರಿಯಾಗಿ ದೊರೆತು ಒಟ್ಟು ಬೆಲೆ 30,000 ಡಾಲರಾಯಿತು. ಆಗಸ್ಟ್ 2ರಂದು ಸೈನ್ಯವು ಆ ವಿಮಾನವನ್ನು ಅಂಗೀಕರಿಸಿತು. ಲೋಕದಲ್ಲಿ ಯಾವುದೇ ಸೈನ್ಯಕ್ಕೆ ಸೇರಿದ ಮೊತ್ತಮೊದಲ ವಿಮಾನವದು. ಅದರೊಂದಿಗೆ ಸೈನಿಕ ವಿಮಾನ ಯಂತ್ರಜ್ಞ ಎಂಬ ಹೊಸ ವೃತ್ತಿಯೂ ಹುಟ್ಟಿತು. ಸಮವಸ್ತ್ರ ಧರಿಸದಿದ್ದರೂ ಆ ವೃತ್ತಿಯ ಮೂಲಪುರುಷರು ಟೇಲರರೇ ಎನ್ನಬೇಕು.

ಖಂಡವನ್ನು ದಾಟಿದ ಯಾತ್ರೆ

1911ರಲ್ಲಿ ಕ್ಯಾಲ್‌ಬ್ರೆತ್ ರೋಜರ್ಸ್ ಎಂಬ ಸಾಹಸಿಯು ಅಟ್ಲಾಂಟಿಕ್ ತೀರದಿಂದ ಪೆಸಿಫಿಕ್ ತೀರದವರೆಗೆ ವಿಮಾನದಲ್ಲಿ ಹಾರಲು ಸಂಕಲ್ಪಿಸಿದನು. ಮೂವತ್ತು ದಿನಗಳೊಳಗೆ ಖಂಡವನ್ನು ದಾಟಿದವರಿಗೆ 50,000 ಡಾಲರು ಬಹುಮಾನವೆಂದು ಪತ್ರಿಕೋದ್ಯಮಿಯೊಬ್ಬರು ಸಾರಿದ್ದರು. ರೋಜರ್ಸನು ರೈಟರ ವಿಮಾನವನ್ನು ಕೊಂಡು, ಅದನ್ನು ನೋಡಿಕೊಳ್ಳಲು ದಿನಕ್ಕೆ 10 ಡಾಲರು ಮತ್ತು ಖರ್ಚು ಕೊಡುವುದಾಗಿ ಟೇಲರರನ್ನು ಕರೆದನು. ಸಂಸಾರವಂದಿಗರಿಗೆ ಅದು ತಳ್ಳಿಹಾಕಬಹುದಾದ ಮೊತ್ತವಲ್ಲ. ಆರ್ವಿಲ್ಲರು ಕೆಲಸ ಬಿಡುವುದು ಬೇಡ, ರಜೆಯ ಮೇಲೆ ಹೋಗಿ ಬರಲಿ ಎಂದು ಒಪ್ಪಿಗೆಯಿತ್ತರು. ಟೇಲರರು ಹೆಂಡತಿ ಮಕ್ಕಳನ್ನು ಮುಂಚಿತವಾಗಿ ಕ್ಯಾಲಿಫೋರ್ನಿಯಕ್ಕೆ ಕಳುಹಿಸಿ, ವಿಮಾನವನ್ನು ಹಿಂಬಾಲಿಸುವ ವಿಶೇಷ ರೈಲನ್ನೇರಿದರು.

ಸೆಪ್ಟೆಂಬರ್ 17ರಂದು ನ್ಯೂಯಾರ್ಕಿನಿಂದ ಹೊರಟ ವಿಮಾನವು ದಾರಿಯುದ್ದಕ್ಕೂ ಮರಕ್ಕೆ, ಬೇಲಿಗೆ, ನೆಲಕ್ಕೆ ತಾಗಿ ಪದೇ ಪದೇ ಮುರಿಯಿತು. ಮುರಿದಾಗಲೆಲ್ಲ ಟೇಲರರೂ ಸಂಗಡಿಗರೂ ರಾತ್ರಿ ಹಗಲೆನ್ನದೆ ಕಟ್ಟಿ ನಿಲ್ಲಿಸಿದರು. ನವೆಂಬರ್ 5ರಂದು ಪ್ಯಾಸಡೀನವನ್ನು ತಲುಪುವ ವೇಳೆಗೆ ಹೊರಟಾಗ ಇದ್ದ ಭಾಗಗಳಲ್ಲಿ ಬೆರಳೆಣಿಕೆಯಷ್ಟು ಮಾತ್ರ ಉಳಿದಿದ್ದುವು. ಗಡುವು ಮೀರಿದ್ದರಿಂದ ಬಹುಮಾನ ದಕ್ಕಲಿಲ್ಲ. ಯಾತ್ರೆಯು ಕೊನೆಮುಟ್ಟುವ ಮುನ್ನವೇ, ಕ್ಯಾಲಿಫೋರ್ನಿಯದಲ್ಲಿದ್ದ ಹೆನ್ರಿಯೆಟ್ಟಾ ಅವರು ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದಾರೆಂಬ ಸುದ್ದಿ ಬಂದಿತು. ಟೇಲರರು ರೈಲನ್ನೂ ಕೀರ್ತಿಯನ್ನೂ ಬಿಟ್ಟು ಹೆಂಡತಿಯ ಬಳಿಗೆ ಧಾವಿಸಿದರು. ಹೀಗಾಗಿ ಹೂಮಾಲೆಗಳೊಡನೆ ನಡೆದ ವಿಜಯೋತ್ಸವದಲ್ಲಿಯೂ ಅವರು ಇರಲಿಲ್ಲ. ಕಿಟಿ ಹಾಕ್‌ನಲ್ಲಿ ವೃತ್ತಿಯ ಹೊಣೆಯಿಂದ ತಪ್ಪಿದ ಸಂತೋಷ ಇಲ್ಲಿ ಮನೆಯ ಹೊಣೆಯಿಂದ ತಪ್ಪಿತು. ಎರಡು ಸಲವೂ ಅವರು ಆರಿಸಿಕೊಂಡುದು ಹೊಣೆಯನ್ನು.

ಇಳಿಗಾಲದ ಕಷ್ಟಗಳು

1912ನೆಯ ಮೇ 30ರಂದು ವಿಲ್ಬರರು ವಿಷಮಶೀತ ಜ್ವರದಿಂದ ತೀರಿಕೊಂಡರು. 1915ರಲ್ಲಿ ಆರ್ವಿಲ್ಲರು ವಿಮಾನ ಸಂಸ್ಥೆಯನ್ನು ಮಾರಿದರು. ಡೇಟನ್ನಿಗೆ ಮರಳಿ ಕೆಲಸ ಮುಂದುವರಿಸಿದ್ದ ಟೇಲರರು 1920ರ ಸುಮಾರಿನಲ್ಲಿ ಆ ನೆಲೆಯಿಂದ ದೂರವಾದರು. ಹಳೆಯ ಅಂಗಡಿಯ ಆತ್ಮೀಯತೆ ದೊಡ್ಡ ಕಾರ್ಖಾನೆಗಳ ಗದ್ದಲದಲ್ಲಿ ಇರಲಿಲ್ಲ. 1928ರಲ್ಲಿ ಅವರು ಕ್ಯಾಲಿಫೋರ್ನಿಯಕ್ಕೆ ಹೋಗಿ ಸ್ವಂತ ಯಂತ್ರಶಾಲೆಯನ್ನು ತೆರೆದರು. ಕೂಡಿಟ್ಟ ಹಣವನ್ನು ಸಾಲ್ಟನ್ ಸರೋವರದ ಬಳಿಯ ಭೂಮಿಯ ಮೇಲೆ ಹಾಕಿದರು. ಮರುವರ್ಷವೇ ಆರಂಭವಾದ ಮಹಾ ಆರ್ಥಿಕ ಕುಸಿತದಲ್ಲಿ ಯಂತ್ರಶಾಲೆಯೂ ಹೋಯಿತು, ಭೂಮಿಯೂ ಹೋಯಿತು. ಅದೇ ಕಷ್ಟದ ದಿನಗಳಲ್ಲಿ ಸಹಧರ್ಮಿಣಿಯಾದ ಹೆನ್ರಿಯೆಟ್ಟಾ ಅವರೂ ಅಗಲಿದರು. ಸಂಪತ್ತು ಹೋದರೆ ಸಂಪಾದಿಸಬಹುದು. ಬಾಳಸಂಗಾತಿ ಹೋದ ಮೇಲೆ ಮನೆಯೆಂಬುದು ಬರಿಯ ಗೋಡೆಯಷ್ಟೆ.

ಮುಪ್ಪಿನತ್ತ ಸಾಗುತ್ತಿದ್ದ ಟೇಲರರು ಲಾಸ್ ಏಂಜಲಿಸ್ ಕಡೆಯ ನಾರ್ತ್ ಅಮೆರಿಕನ್ ವಿಮಾನ ಕಾರ್ಖಾನೆಯಲ್ಲಿ ಗಂಟೆಗೆ 37 ಸೆಂಟಿನ ಕೂಲಿಗೆ ಸೇರಿದರು. ಪಕ್ಕದಲ್ಲಿ ನಿಂತು ದುಡಿಯುತ್ತಿದ್ದ ಯುವಕರಿಗೆ ಈ ವೃದ್ಧರು ಯಾರೆಂಬುದು ತಿಳಿಯದು. ಜಗತ್ತಿನ ಮೊದಲ ವಿಮಾನದ ಎಂಜಿನ್ನನ್ನು ಮಾಡಿದ ಕೈಗಳು ಅದೇ ವಿಮಾನೋದ್ಯಮದ ಒಂದು ಮೂಲೆಯಲ್ಲಿ ಸಾಮಾನ್ಯ ಕೆಲಸಗಾರನ ಕೈಗಳಾಗಿದ್ದುವು. ತಾನಾರೆಂದು ಹೇಳಿಕೊಂಡು ಕರುಣೆ ಬೇಡುವುದು ಅವರಿಗೆ ಒಗ್ಗಲಿಲ್ಲ.

ಮೋಟಾರು ಉದ್ಯಮಿ ಹೆನ್ರಿ ಫೋರ್ಡರು 1936ರಲ್ಲಿ ರೈಟರ ಸೈಕಲ್ ಅಂಗಡಿಯ ಕಟ್ಟಡವನ್ನು ಕೊಂಡು, ಮಿಶಿಗನ್ ಸಂಸ್ಥಾನದ ಡಿಯರ್‌ಬಾರ್ನ್‌ನಲ್ಲಿ ತಾವು ಕಟ್ಟಿಸುತ್ತಿದ್ದ ಸ್ಮಾರಕ ಗ್ರಾಮಕ್ಕೆ ಸಾಗಿಸಲು ಏರ್ಪಾಡು ಮಾಡಿದರು. ಅಂಗಡಿಯ ಒಳಗು ಹೇಗಿತ್ತು, ಯಾವ ಯಂತ್ರ ಎಲ್ಲಿ ನಿಂತಿತ್ತು ಎಂಬುದನ್ನು ಹೇಳಬಲ್ಲವರು ಯಾರು? ಫೋರ್ಡರ ಕಡೆಯವರು ಹುಡುಕಿ ಟೇಲರರನ್ನು ಪತ್ತೆಹಚ್ಚಿದರು. ಟೇಲರರು ಅಲ್ಲಿಗೆ ಹೋಗಿ ನೆನಪಿನ ಬಲದಿಂದ ಅಂಗಡಿಯನ್ನು ಮೊದಲಿನಂತೆ ಸಜ್ಜುಗೊಳಿಸಿಕೊಟ್ಟರು. ವಿಲ್ಬರರ ಜನ್ಮದಿನವಾದ ಏಪ್ರಿಲ್ 16ರಂದು, 1938ರಲ್ಲಿ, ಅದರ ಸಮರ್ಪಣೆ ನಡೆಯಿತು. ಅಲ್ಲಿ 1941ರವರೆಗೆ ಇದ್ದು ಕ್ಯಾಲಿಫೋರ್ನಿಯಕ್ಕೆ ಹಿಂದಿರುಗಿದ ಅವರು, ಎರಡನೆಯ ಮಹಾಯುದ್ಧದ ಕಾಲದಲ್ಲಿ ಎಪ್ಪತ್ತು ದಾಟಿದ್ದರೂ ಯುದ್ಧಸಾಮಗ್ರಿಯ ಕಾರ್ಖಾನೆಯಲ್ಲಿ ದುಡಿದರು. 1945ರಲ್ಲಿ ಹೃದಯಾಘಾತವಾಗಿ ಆ ಕೈಗಳು ಕೆಲಸದಿಂದ ವಿರಮಿಸಿದುವು.

ಆರ್ವಿಲ್ಲರು ಹಳೆಯ ಸಂಗಾತಿಯನ್ನು ಮರೆತಿರಲಿಲ್ಲ. 1948ನೆಯ ಜನವರಿ 30ರಂದು ಅವರು ನಿಧನರಾದಾಗ, ವರ್ಷಕ್ಕೆ 800 ಡಾಲರನ್ನು ಟೇಲರರಿಗೆ ಕೊಡಬೇಕೆಂದು ಮರಣಶಾಸನದಲ್ಲಿ ಬರೆದಿಟ್ಟಿದ್ದರು. ಆದರೆ ಏರುತ್ತಿದ್ದ ಬೆಲೆಗಳ ಕಾಲದಲ್ಲಿ ರೋಗಪೀಡಿತ ವೃದ್ಧರಿಗೆ ಆ ಹಣ ಸಾಲದಾಯಿತು. 1955ರಲ್ಲಿ ಪತ್ರಕರ್ತರೊಬ್ಬರು ಟೇಲರರನ್ನು ಗುರುತಿಸಿದಾಗ ಅವರು ಬಡವರಿಗಾಗಿ ಇರುವ ಧರ್ಮಾರ್ಥ ಆಸ್ಪತ್ರೆಯ ವಾರ್ಡೊಂದರಲ್ಲಿ ಮಲಗಿದ್ದರು. ಸುದ್ದಿ ಹರಡಿದೊಡನೆ ವಿಮಾನೋದ್ಯಮದವರು ಹಣ ಕೂಡಿಸಿ ಅವರನ್ನು ಖಾಸಗಿ ಆರೋಗ್ಯಧಾಮಕ್ಕೆ ಸೇರಿಸಿದರು. ಕೆಲವೇ ತಿಂಗಳುಗಳಲ್ಲಿ, 1956ನೆಯ ಜನವರಿ 30ರಂದು, ಆರ್ವಿಲ್ಲರು ತೀರಿಕೊಂಡ ದಿನವೇ, ಎಂಟು ವರ್ಷಗಳ ಅನಂತರ, ಟೇಲರರು ಇಹಲೋಕವನ್ನು ತ್ಯಜಿಸಿದರು. ಆಗ ಅವರಿಗೆ 87 ವರ್ಷ. ಕ್ಯಾಲಿಫೋರ್ನಿಯದ ಬರ್‌ಬ್ಯಾಂಕ್‌ನಲ್ಲಿ ವಿಮಾನಯಾನದ ಹಿರಿಯರಿಗಾಗಿ ಮೀಸಲಾದ ಮಡಿಸಿದ ರೆಕ್ಕೆಗಳ ದ್ವಾರವೆಂಬ ಸ್ಮಾರಕದಲ್ಲಿ ಅವರ ಸಮಾಧಿ ಇದೆ.

ತಡವಾಗಿ ಸಂದ ಗೌರವ

1965ರಲ್ಲಿ ಅಮೆರಿಕದ ರಾಷ್ಟ್ರೀಯ ವಿಮಾನಯಾನ ಗೌರವಸಭೆಯ ಗಣ್ಯರ ಸಾಲಿನಲ್ಲಿ ಟೇಲರರ ಹೆಸರು ಸೇರಿತು. ಐವತ್ತು ವರ್ಷ ವಿಮಾನಗಳ ಸೇವೆಯಲ್ಲಿ ಸವೆದ ಯಂತ್ರಜ್ಞರಿಗೆ ಆ ದೇಶದ ವಿಮಾನಯಾನ ಆಡಳಿತವು ಕೊಡುವ ಪ್ರಶಸ್ತಿಗೆ ಅವರ ಹೆಸರನ್ನೇ ಇಡಲಾಗಿದೆ. ಅವರ ಜನ್ಮದಿನವಾದ ಮೇ 24 ಈಗ ವಿಮಾನ ಯಂತ್ರಜ್ಞರ ದಿನವೆಂದು ಆಚರಿಸಲ್ಪಡುತ್ತಿದೆ. ಈ ಗೌರವಗಳಲ್ಲಿ ಒಂದನ್ನೂ ಅವರು ಕಣ್ಣಾರೆ ಕಾಣಲಿಲ್ಲ. ವಾರ್ಡಿನ ಹಾಸಿಗೆಯಲ್ಲಿ ಮಲಗಿದ್ದವರಿಗೆ ಬೇಕಾಗಿದ್ದುದು ಪ್ರಶಸ್ತಿಯಲ್ಲ, ಸಕಾಲದ ಆಸರೆ. ಸತ್ತ ಮೇಲೆ ಕಟ್ಟುವ ಸ್ಮಾರಕಕ್ಕಿಂತ ಬದುಕಿರುವಾಗ ವಿಚಾರಿಸುವ ಒಂದು ಮಾತು ಹಿರಿದೆಂಬುದನ್ನು ಅವರ ಕೊನೆಯ ದಿನಗಳು ಸಮಾಜಕ್ಕೆ ಕಲಿಸುತ್ತವೆ.

ಟೇಲರರು ಪದವೀಧರರಲ್ಲ, ಹನ್ನೆರಡಕ್ಕೆ ಶಾಲೆ ಬಿಟ್ಟವರು. ಹಾಗೆಂದು ವಿದ್ಯೆ ಬೇಡವೆಂಬುದಕ್ಕೆ ಅವರ ಜೀವನ ನಿದರ್ಶನವಾಗದು. ಸಹೋದರರ ಗಣಿತವಿಲ್ಲದೆ ಟೇಲರರ ಎಂಜಿನ್ ಹಾರುತ್ತಿರಲಿಲ್ಲ; ಟೇಲರರ ಎಂಜಿನ್ ಇಲ್ಲದೆ ಸಹೋದರರ ಗಣಿತ ನೆಲ ಬಿಟ್ಟೇಳುತ್ತಿರಲಿಲ್ಲ. ಬುದ್ಧಿಯೂ ಕೈಯೂ ಒಂದೇ ಮೇಜಿನ ಎದುರು ಸಮಾನವಾಗಿ ಕುಳಿತುದರಿಂದಲೇ ಆ ಕಾರ್ಯ ಸಿದ್ಧಿಸಿತು. ಲೆಕ್ಕ ಮಾಡುವ ವಿದ್ಯಾರ್ಥಿಯನ್ನು ಮೆಚ್ಚುವಂತೆಯೇ ಉಳಿ ಹಿಡಿಯುವ ವಿದ್ಯಾರ್ಥಿಯನ್ನೂ ಮೆಚ್ಚುವ ಶಾಲೆ, ವಿಜ್ಞಾನಿಯನ್ನು ಗೌರವಿಸುವಂತೆಯೇ ಕುಶಲಕರ್ಮಿಯನ್ನೂ ಅವನ ಮುಪ್ಪಿನಲ್ಲಿ ಕೈಬಿಡದ ಸಮಾಜ, ಇವೆರಡೂ ಟೇಲರರ ಹೆಸರಿಗೆ ಸಲ್ಲಬೇಕಾದ ನಿಜವಾದ ಕಾಣಿಕೆ.